ಮುಂಗಡ ಕೊಟ್ಟ ಓದುಗರ ಊರು

ಧಾರವಾಡದ ಮಾತು ಬಂತೆಂದರೆ ಕನ್ನಡಿಗರ ನಾಲಗೆಗೆ ಮೊದಲು ಬರುವುದು ಬರಹಗಾರರ ಹೆಸರು. ಸಾಧನಕೇರಿಯ ಬೇಂದ್ರೆ, ಗೋಕಾಕ, ಶಂ.ಬಾ. ಜೋಶಿ, ಚೆನ್ನವೀರ ಕಣವಿ, ಕುರ್ತಕೋಟಿ, ಕಾರ್ನಾಡ, ಚಂಪಾ, ಗಿರಡ್ಡಿ, ಕಲಬುರ್ಗಿ ಹೀಗೆ ಎಣಿಸುತ್ತ ಹೋದವರು, ಒಂದೇ ಊರಿನ ಸುತ್ತ ಇಷ್ಟು ಜನ ಹೇಗೆ ಕೂಡಿದರು ಎಂಬ ಪ್ರಶ್ನೆಗೆ ಉತ್ತರವನ್ನೂ ಅಷ್ಟೇ ಸಲೀಸಾಗಿ ಕೊಟ್ಟುಬಿಡುತ್ತಾರೆ: ಅದು ಆ ನೆಲದ ಗುಣ, ಆ ಮಳೆಯ ಗುಣ, ಆ ಹವೆಯ ಗುಣ. ಧಾರವಾಡದ ಪುಸ್ತಕಗಳನ್ನು ಮನಸಾರೆ ಪ್ರೀತಿಸುವ ನನಗೆ ಈ ಉತ್ತರ ಒಪ್ಪಿಗೆಯಾಗುವುದಿಲ್ಲ. ಹವೆಯಿಂದ ಸಾಹಿತ್ಯ ಹುಟ್ಟುತ್ತದೆಂದು ಒಪ್ಪಿಕೊಂಡರೆ, ಬೇರೆ ಊರುಗಳು ಮಾಡಬೇಕಾದದ್ದು ಏನೂ ಉಳಿಯುವುದಿಲ್ಲ; ಆ ಭಾಗ್ಯ ನಮಗಿಲ್ಲ ಎಂದು ಕೈಕಟ್ಟಿ ಕೂತರಾಯಿತು. ಅದಕ್ಕಿಂತ ಹೆಚ್ಚಾಗಿ, ಹೆಸರೇ ಗೊತ್ತಿಲ್ಲದ ಸಾವಿರಾರು ಜನರ ದುಡಿಮೆಯನ್ನು ಆ ಹೊಗಳಿಕೆ ಮರೆಮಾಡುತ್ತದೆ. ಧಾರವಾಡದ ಸಾಹಿತ್ಯವನ್ನು ಕಟ್ಟಿದವರು ಬರೆದವರಷ್ಟೇ ಅಲ್ಲ. ಇನ್ನೂ ಅಚ್ಚಾಗದ, ಎಷ್ಟೋ ಸಲ ಇನ್ನೂ ಬರೆದೇ ಇರದ ಪುಸ್ತಕಕ್ಕೆ ಮೊದಲೇ ದುಡ್ಡು ಕೊಟ್ಟ ಚಂದಾದಾರರು, ಆ ದುಡ್ಡಿಗೆ ಮಾತು ಉಳಿಸಿಕೊಂಡ ಪ್ರಕಾಶಕ, ಹಸ್ತಪ್ರತಿಯನ್ನು ಮುಲಾಜಿಲ್ಲದೆ ಓದಿದ ವಿಮರ್ಶಕ, ಜಗಳಕ್ಕೆ ಜಾಗ ಕೊಟ್ಟ ಪತ್ರಿಕೆ, ಇವರೆಲ್ಲ ಸೇರಿ ಕಟ್ಟಿದ ವ್ಯವಸ್ಥೆ ಅದು. ಅಂಥ ವ್ಯವಸ್ಥೆಯನ್ನು ರಾಜ್ಯದ ಯಾವ ಊರಲ್ಲಾದರೂ ಕಟ್ಟಬಹುದು, ಇವತ್ತು ಕಟ್ಟಲೇಬೇಕು ಎಂಬುದು ನನ್ನ ವಾದ.

ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಅಲ್ಲಿನ ಶಾಲೆ, ಕಚೇರಿಗಳಲ್ಲಿ ಮರಾಠಿಯದೇ ದರ್ಬಾರು. ಕನ್ನಡದ ಮಕ್ಕಳು ಕನ್ನಡದಲ್ಲಿ ಓದಬೇಕೆಂದು ಡೆಪ್ಯುಟಿ ಚೆನ್ನಬಸಪ್ಪನವರಂಥವರು ಹತ್ತೊಂಬತ್ತನೆಯ ಶತಮಾನದಲ್ಲಿ ಶಾಲೆಗಳಿಗಾಗಿ ಹೆಣಗಿದ್ದರ ಫಲವೇ ಮುಂದೆ ಬಂದ ಓದುಗರ ಮೊದಲ ಪೀಳಿಗೆ. ರಾ.ಹ. ದೇಶಪಾಂಡೆಯವರು 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಲು ಆಗ ಇನ್ನೂ 25 ವರ್ಷ ಬಾಕಿಯಿತ್ತು. ಸಂಘ ಕನ್ನಡದಲ್ಲಿ ಪುಸ್ತಕ ಬರೆಸಿತು, ಅಚ್ಚುಹಾಕಿಸಿತು, ‘ವಾಗ್ಭೂಷಣ’ ಎಂಬ ಪತ್ರಿಕೆಯನ್ನು ಹೊರಡಿಸಿತು. ಇದೇ ಸೀಮೆಯಲ್ಲಿ ಗಳಗನಾಥರು ಕಾದಂಬರಿಗಳನ್ನು ಬರೆದು, ಪುಸ್ತಕದ ಗಂಟು ಹೊತ್ತು, ಊರೂರು ತಿರುಗಿ ತಾವೇ ಮಾರಿದರು. ಅಗಡಿಯ ಆನಂದವನದಿಂದ ಬರುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಹಳ್ಳಿಗಳ ಮನೆಗಳನ್ನು ಹೊಕ್ಕಿತು. ಗಳಗನಾಥರ ಆ ತಿರುಗಾಟವನ್ನು ನಾವು ತ್ಯಾಗದ ಕಥೆಯಾಗಿ ಹೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಅದರ ಇನ್ನೊಂದು ಮುಖವನ್ನು ಗಮನಿಸುವವರು ಕಡಿಮೆ: ಅವರು ಬಾಗಿಲು ತಟ್ಟಿದಾಗ ಒಳಗಿನಿಂದ ಯಾರೋ ಬಂದು ದುಡ್ಡು ಕೊಟ್ಟು ಪುಸ್ತಕ ಕೊಂಡರು. ಅಕ್ಷರ ಕಲಿತವರೇ ಅಪರೂಪವಾಗಿದ್ದ ಕಾಲದಲ್ಲಿ, ಕೊಂಡು ಓದುವ ರೂಢಿಯನ್ನು ಈ ಸೀಮೆಯ ಸಾಮಾನ್ಯ ಸಂಸಾರಸ್ಥರು ಕಲಿತರು. ಮುಂದೆ ನಡೆದದ್ದೆಲ್ಲ ಈ ರೂಢಿಯ ಮೇಲೆ ನಿಂತಿದೆ.

1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪನ್ನು ಕವಿಗಳ ಕೂಟವೆಂದಷ್ಟೇ ನೆನೆಯುವುದು ವಾಡಿಕೆ. ಶಂ.ಬಾ., ಬೆಟಗೇರಿ ಕೃಷ್ಣಶರ್ಮ, ಗೋಕಾಕ, ರಂ.ಶ್ರೀ. ಮುಗಳಿ, ಮಧುರಚೆನ್ನ, ಎನ್ಕೆ, ಜಿ.ಬಿ. ಜೋಶಿ ಇವರೆಲ್ಲ ಮಾಡಿದ ಮೊದಲ ಕೆಲಸ ಒಬ್ಬರ ಬರಹವನ್ನು ಇನ್ನೊಬ್ಬರು ಕೇಳಿದ್ದು, ತಿದ್ದಿದ್ದು, ಅಚ್ಚಾಗುವಂತೆ ನೋಡಿಕೊಂಡದ್ದು. ಆಲೂರ ವೆಂಕಟರಾಯರು ಆರಂಭಿಸಿದ ‘ಜಯಕರ್ನಾಟಕ’, ಆಮೇಲೆ ಬೆಟಗೇರಿಯವರ ‘ಜಯಂತಿ’ ಇವರಿಗೆ ತಿಂಗಳು ತಿಂಗಳೂ ಪುಟ ತೆರೆದಿಟ್ಟವು. ಬೇಂದ್ರೆ ‘ಗರಿ’ ಸಂಕಲನ ತಂದದ್ದು 1932ರಲ್ಲಿ. ಅದರೊಳಗಿನ ‘ನರಬಲಿ’ ಕವಿತೆಗಾಗಿ ಬ್ರಿಟಿಷ್ ಸರ್ಕಾರ ಅವರನ್ನು ಜೈಲಿಗೆ ಕಳಿಸಿತು, ಆಮೇಲೆ ಮುಗದ ಹಳ್ಳಿಯಲ್ಲಿ ನಿರ್ಬಂಧದಲ್ಲಿ ಇರಿಸಿತು. ಕೆಲಸ ಸಿಗದೆ ವರ್ಷಗಟ್ಟಲೆ ಅವರು ಒದ್ದಾಡಿದರು. ಕವಿಗೆ ಸಂಬಳವಿಲ್ಲದ ಆ ವರ್ಷಗಳಲ್ಲೂ ಕವಿತೆ ನಿಲ್ಲಲಿಲ್ಲ. ಅವರನ್ನು ಬಲ್ಲ ಓದುಗರು, ಅವರ ಮಾತು ಕೇಳಲು ಕರೆಸಿಕೊಂಡ ಊರುಗಳು, ಅವರ ಕವಿತೆಗೆ ಕಾದಿದ್ದ ಪತ್ರಿಕೆಗಳು ಇದ್ದವು. ಶಾಲಾ ಮಾಸ್ತರರಾಗಿದ್ದುಕೊಂಡು ಕರ್ನಾಟಕದ ಪ್ರಾಚೀನ ಸಂಸ್ಕೃತಿಯ ಬೇರುಗಳನ್ನು ಹುಡುಕಿದ ಶಂ.ಬಾ. ಅವರದೂ ಇದೇ ಕಥೆ. ವಿಶ್ವವಿದ್ಯಾಲಯದ ಕುರ್ಚಿಯ ಹಂಗಿಲ್ಲದೆ ಅವರು ಮಾಡಿದ ಸಂಶೋಧನೆಯನ್ನು, ತಲೆತಿರುಗಿಸುವಷ್ಟು ಕಠಿಣವಾಗಿದ್ದರೂ, ಓದಿ ವಾದಿಸುವ ಜನ ಆ ಊರಲ್ಲಿದ್ದರು. ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1970ರಲ್ಲಿ; ಓದುಗರ ಮನ್ನಣೆ ಅದಕ್ಕೂ ಬಹಳ ಮುಂಚೆ ಬಂದಿತ್ತು.

ಈ ಎಲ್ಲ ಎಳೆಗಳೂ ಒಂದು ಕಡೆ ಗಂಟು ಬಿದ್ದದ್ದು 1933ರಲ್ಲಿ, ಮನೋಹರ ಗ್ರಂಥಮಾಲೆ ಹುಟ್ಟಿದಾಗ. ಬೆಟಗೇರಿ ಕೃಷ್ಣಶರ್ಮರೂ ಜಿ.ಬಿ. ಜೋಶಿಯವರೂ ಜೊತೆಗಾರರೊಂದಿಗೆ ಆರಂಭಿಸಿದ ಈ ಪ್ರಕಾಶನವನ್ನು ಆಮೇಲಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೆಗಲ ಮೇಲೆ ಹೊತ್ತವರು ಜೋಶಿ. ‘ಜಡಭರತ’ ಎಂಬ ಹೆಸರಿನಿಂದ ಅವರು ಒಳ್ಳೆಯ ನಾಟಕಗಳನ್ನೂ ಬರೆದರು. ‘ಸತ್ತವರ ನೆರಳು’ ಬಿ.ವಿ. ಕಾರಂತರ ಕೈಯಲ್ಲಿ ರಂಗದ ಮೇಲೆ ಪಡೆದ ಕೀರ್ತಿ ನಾಡಿಗೆ ಗೊತ್ತು. ಆದರೂ ಅವರ ಅತಿ ದೊಡ್ಡ ಕೃತಿ ಗ್ರಂಥಮಾಲೆಯ ಚಂದಾದಾರರ ಪಟ್ಟಿ ಎಂದೇ ನನ್ನ ಎಣಿಕೆ. ಅದರ ನಡೆ ಸರಳವಾಗಿತ್ತು. ಓದುಗ ವರ್ಷಕ್ಕಿಷ್ಟು ಎಂದು ಚಂದಾ ಕಟ್ಟುತ್ತಾನೆ. ವರ್ಷದ ಪುಸ್ತಕಗಳು ಅವನ ಮನೆಗೆ ಬರುತ್ತವೆ. ಯಾವ ಪುಸ್ತಕ, ಯಾರ ಪುಸ್ತಕ ಎಂಬುದನ್ನು ಗ್ರಂಥಮಾಲೆ ಗೊತ್ತುಮಾಡುತ್ತದೆ. ಕಾಗದ ಕೊಳ್ಳಲು, ಅಚ್ಚಿನ ಮನೆಗೆ ಕೊಡಲು ಬೇಕಾದ ಹಣಕ್ಕೆ ಸಾಹುಕಾರನ ಬಾಗಿಲಿಗೆ ಹೋಗಬೇಕಾದ ಪ್ರಸಂಗ ಇದರಿಂದ ಕಡಿಮೆಯಾಗುತ್ತದೆ. ಎಷ್ಟು ಪ್ರತಿ ಬೇಕೆಂಬುದು ಅಚ್ಚಿಗೆ ಮೊದಲೇ ತಿಳಿದಿರುತ್ತದೆ. ಪುಸ್ತಕದಂಗಡಿಗಳೇ ಇಲ್ಲದ ಊರುಗಳಿಗೆ ಅಂಚೆಯೇ ಅಂಗಡಿಯಾಗುತ್ತದೆ. ಜೋಶಿಯವರು ಊರೂರು ಅಲೆದು ಈ ಪಟ್ಟಿಯನ್ನು ಬೆಳೆಸಿದರು. ಅದರಲ್ಲಿ ಮಾಸ್ತರರು, ಗುಮಾಸ್ತರು, ವಕೀಲರು, ವೈದ್ಯರು, ಸಣ್ಣ ಊರುಗಳ ವಾಚನಾಲಯಗಳು ಇದ್ದವು. ಸುಭಾಷ್ ರಸ್ತೆಯಲ್ಲಿ ಮೆಟ್ಟಿಲೇರಿ ಹೋಗಬೇಕಾದ ಗ್ರಂಥಮಾಲೆಯ ‘ಅಟ್ಟ’ ಕನ್ನಡದ ಬರಹಗಾರರಿಗೆಲ್ಲ ಪರಿಚಯದ ಜಾಗ. ಅಲ್ಲಿನ ಹರಟೆಯ ಬಗ್ಗೆ ಬಹಳ ಜನ ಬರೆದಿದ್ದಾರೆ; ಆ ಹರಟೆಯನ್ನು ಪುಸ್ತಕವಾಗಿಸಿದ ಲೆಕ್ಕದ ವಹಿಗಳ ಬಗ್ಗೆಯೂ ಯಾರಾದರೂ ವಿವರವಾಗಿ ಬರೆಯಬೇಕು.

ಈ ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆದದ್ದು 1960ರ ದಶಕದಲ್ಲಿ. ಕಾರ್ನಾಡರ ‘ಯಯಾತಿ’ 1961ರಲ್ಲಿ ಗ್ರಂಥಮಾಲೆಯಿಂದ ಬಂತು. ಬರೆದವರಿಗೆ ಇನ್ನೂ 25 ತುಂಬಿರಲಿಲ್ಲ, ಅವರು ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದರು, ಹಿಂದೆ ಹೆಸರಿಸುವಂಥ ಒಂದು ಪುಸ್ತಕವೂ ಇರಲಿಲ್ಲ. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕಗಳಿಲ್ಲ ಎಂಬ ವಿಮರ್ಶಕ ಕುರ್ತಕೋಟಿಯವರ ಮಾತು ಅವರನ್ನು ಕೆಣಕಿ ‘ತುಘಲಕ್’ ಬರೆಯಿಸಿತು. ಅದು 1964ರಲ್ಲಿ ಬಂತು. ಮರುವರ್ಷ ಅನಂತಮೂರ್ತಿಯವರ ‘ಸಂಸ್ಕಾರ’. ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತು, ತುಂಗಾ ತೀರದ ಅಗ್ರಹಾರವೊಂದನ್ನು ಕುರಿತು, ಮೈಸೂರು ಕಡೆಯ ಲೇಖಕರೊಬ್ಬರು ಬರೆದ ಕಾದಂಬರಿಗೆ ಧಾರವಾಡದ ಅಟ್ಟ ಮನೆಯಾಯಿತು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ 1961ರಲ್ಲೇ ಬಂದಿತ್ತು. ಷಿಕಾಗೋದಲ್ಲಿ ಕಲಿಸುತ್ತಿದ್ದ ಎ.ಕೆ. ರಾಮಾನುಜನ್ ತಮ್ಮ ಮೊದಲ ಕನ್ನಡ ಕವನ ಸಂಕಲನ ‘ಹೊಕ್ಕುಳಲ್ಲಿ ಹೂವಿಲ್ಲ’ವನ್ನು 1969ರಲ್ಲಿ ಇಲ್ಲಿಂದಲೇ ಪ್ರಕಟಿಸಿದರು. ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿದ್ದ ಯಶವಂತ ಚಿತ್ತಾಲರ ಬರವಣಿಗೆಗೂ ಗ್ರಂಥಮಾಲೆ ಆಸರೆಯಾಯಿತು. ಇದನ್ನೆಲ್ಲ ಓದಿ ಅಳೆಯುತ್ತಿದ್ದ ಕೀರ್ತಿನಾಥ ಕುರ್ತಕೋಟಿಯವರು ತಮ್ಮ ವೃತ್ತಿಜೀವನದ ಬಹುಪಾಲನ್ನು ಗುಜರಾತಿನ ಆನಂದದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಕಳೆದವರು. ‘ನಡೆದು ಬಂದ ದಾರಿ’ ಸಂಪುಟಗಳಿಗಾಗಿ ಅವರು ಬರೆದ ಹೊಸಗನ್ನಡ ಸಾಹಿತ್ಯದ ಸಮೀಕ್ಷೆ ಇವತ್ತಿಗೂ ವಿಮರ್ಶೆಯ ವಿದ್ಯಾರ್ಥಿಗಳು ದಾಟಿ ಹೋಗಲಾಗದ ಕೃತಿ. ಒಂದು ಪ್ರದೇಶದ ಸಾಹಿತ್ಯವೆಂದರೆ ಆ ಪ್ರದೇಶದವರೇ, ಆ ಪ್ರದೇಶದಲ್ಲೇ ಕೂತು, ಆ ಪ್ರದೇಶವನ್ನೇ ಕುರಿತು ಬರೆದದ್ದು ಎಂಬ ಸಂಕುಚಿತ ತಿಳಿವಳಿಕೆಯನ್ನು ಈ ಒಂದು ದಶಕದ ಪ್ರಕಟಣೆಗಳೇ ಒಡೆದುಹಾಕುತ್ತವೆ. ಬರಹಗಾರ ಆಕ್ಸ್‌ಫರ್ಡ್‌ನಲ್ಲಿದ್ದ, ವಿಮರ್ಶಕ ಗುಜರಾತಿನಲ್ಲಿದ್ದ, ಕಥೆ ಮಲೆನಾಡಿನದಾಗಿತ್ತು. ಧಾರವಾಡದಲ್ಲಿ ಗಟ್ಟಿಯಾಗಿ ನೆಲೆನಿಂತಿದ್ದದ್ದು ನಂಬಿಕೆಯ ಒಂದು ವಿಳಾಸ.

ಚಂದಾದಾರರ ಈ ನಂಬಿಕೆ ಸಾಹಿತ್ಯದ ಒಳಗನ್ನೂ ಬದಲಿಸಿತು ಎಂಬುದನ್ನು ಒತ್ತಿ ಹೇಳಬೇಕು. ಅಂಗಡಿಯಲ್ಲಿ ಪುಸ್ತಕ ಆರಿಸುವ ಓದುಗ ಗೊತ್ತಿರುವ ಹೆಸರಿನತ್ತ ಕೈಚಾಚುತ್ತಾನೆ. ಅದು ತಪ್ಪಲ್ಲ, ಅವನ ದುಡ್ಡು ಅವನದು. ಆದರೆ ಎಲ್ಲರೂ ಹಾಗೆ ಮಾಡಿದರೆ ಮೊದಲ ಪುಸ್ತಕ ಬರೆದವನಿಗೆ ಓದುಗರೇ ಸಿಗುವುದಿಲ್ಲ. ಗ್ರಂಥಮಾಲೆಯ ಚಂದಾದಾರ ತಾನು ಆರಿಸದ ಪುಸ್ತಕವನ್ನೂ ಮನೆಗೆ ತರಿಸಿಕೊಂಡ. ತನ್ನ ನಂಬಿಕೆಗಳನ್ನೇ ಪ್ರಶ್ನಿಸುವ ‘ಸಂಸ್ಕಾರ’ದಂಥ ಕಾದಂಬರಿ ಅಂಚೆಯಲ್ಲಿ ಬಂದು ಅವನ ಪಡಸಾಲೆಯಲ್ಲಿ ಕೂತಿತು. ಕೆಲವರಿಗೆ ಸಿಟ್ಟು ಬಂತು, ಕೆಲವರಿಗೆ ಬೆರಗಾಯಿತು, ಓದಿದ್ದಂತೂ ನಿಜ. ಇದರಿಂದ ಹೊಸ ಬರಹಗಾರನಿಗೆ ಸಿಕ್ಕ ಧೈರ್ಯ ಎಂಥದ್ದೆಂದು ಯೋಚಿಸಿ. ಅವನು ಓದುಗರನ್ನು ಓಲೈಸಬೇಕಾಗಿರಲಿಲ್ಲ. ಅವನ ಮೊದಲ ಪುಟವನ್ನು ತೆರೆಯುವ ಜನ ಆಗಲೇ ತಯಾರಾಗಿದ್ದರು. ನವ್ಯ ಸಾಹಿತ್ಯದ ಬಗ್ಗೆ ಬರೆಯುವವರು ಯುರೋಪಿನ ಪ್ರಭಾವ, ಸ್ವಾತಂತ್ರ್ಯಾನಂತರದ ನಿರಾಶೆ ಮುಂತಾದ ಕಾರಣಗಳನ್ನು ಕೊಡುತ್ತಾರೆ. ಅವೆಲ್ಲ ಇರಲಿ. ಚಂದಾ ಕಟ್ಟಿದ ಸಾಮಾನ್ಯ ಓದುಗನ ತಾಳ್ಮೆಯೂ ಆ ಪಟ್ಟಿಯಲ್ಲಿ ಸೇರಬೇಕು.

ಇಲ್ಲಿ ಒಂದು ಗಂಭೀರ ಆಕ್ಷೇಪಣೆ ಇದೆ. ಅದನ್ನು ಬದಿಗೆ ಸರಿಸಿ ಮುಂದೆ ಹೋಗಲಾಗದು. ಗೆಳೆಯರ ಗುಂಪಿನ, ಗ್ರಂಥಮಾಲೆಯ ಹೆಸರುಗಳನ್ನು ಓದಿದರೆ ಅವರಲ್ಲಿ ಬಹುಪಾಲು ಒಂದೇ ಸಾಮಾಜಿಕ ವಲಯದಿಂದ, ಮೇಲ್ಜಾತಿಯ ವಿದ್ಯಾವಂತ ಗಂಡಸರ ವಲಯದಿಂದ ಬಂದವರು ಎಂಬುದು ಎದ್ದುಕಾಣುತ್ತದೆ. ಮುಂಗಡ ಚಂದಾ ಕಟ್ಟಬಲ್ಲವರು ಯಾರು, ಅಟ್ಟದ ಮೆಟ್ಟಿಲನ್ನು ಸಂಕೋಚವಿಲ್ಲದೆ ಹತ್ತಬಲ್ಲವರು ಯಾರು ಎಂದು ಕೇಳಿದವರಿಗೆ ಹೌದು, ನಿಮ್ಮ ಪ್ರಶ್ನೆ ಸರಿ ಎಂದೇ ಹೇಳಬೇಕು. ದಲಿತರೂ ಹೆಣ್ಣುಮಕ್ಕಳೂ ಆ ಪಟ್ಟಿಯಲ್ಲಿ ವಿರಳವಾಗಿದ್ದದ್ದು ಆ ವ್ಯವಸ್ಥೆಯ ಕೊರತೆ, ಅದನ್ನು ಕಾಲದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಆದರೆ ಧಾರವಾಡದಲ್ಲಿ ಒಂದೇ ಕೇಂದ್ರ ಇರಲಿಲ್ಲ. ಮುರುಘಾಮಠದ ಪ್ರಸಾದ ನಿಲಯ ಹಳ್ಳಿಯ ಬಡ ಹುಡುಗರಿಗೆ ಅನ್ನ, ವಸತಿ ಕೊಟ್ಟು ಓದಿಸಿತು. ಆ ಮಠಕ್ಕೆ ತನ್ನದೇ ಗ್ರಂಥಮಾಲೆಯೂ ಇತ್ತು. ಧಾರವಾಡದಲ್ಲೇ ಹುಟ್ಟಿದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಸ್ವಂತ ಮುದ್ರಣಾಲಯ ಇಟ್ಟು, ‘ಶಿವಾನುಭವ’ ಪತ್ರಿಕೆ ನಡೆಸಿ, ವಚನಗಳನ್ನು ಮನೆಮನೆಗೆ ಮುಟ್ಟಿಸಿದರು. ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡಕ್ಕೆ ಬಂದ ಮೇಲೆ ಆರ್.ಸಿ. ಹಿರೇಮಠರಿಂದ ಎಂ.ಎಂ. ಕಲಬುರ್ಗಿಯವರವರೆಗೆ ವಚನ ಸಂಪಾದನೆಯ, ಶಾಸನ ಸಂಶೋಧನೆಯ ದೊಡ್ಡ ಪರಂಪರೆಯೇ ಬೆಳೆಯಿತು. 1964ರಲ್ಲಿ ಚಂದ್ರಶೇಖರ ಪಾಟೀಲ (ಚಂಪಾ), ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜ ಈ ಮೂವರು ತರುಣರು ‘ಸಂಕ್ರಮಣ’ ಹೊರಡಿಸಿದರು. ಅಟ್ಟದ ರುಚಿಗೂ ಅದರ ಪ್ರಭಾವಕ್ಕೂ ಎದುರಾಗಿ ನಿಲ್ಲಬಲ್ಲ ಪತ್ರಿಕೆಯಾಗಿ ಅದು ಬೆಳೆಯಿತು, ಬಂಡಾಯದ ದನಿಗೆ ವೇದಿಕೆಯಾಯಿತು, ದಶಕಗಟ್ಟಲೆ ನಡೆಯಿತು. ಅದೂ ನಡೆದದ್ದು ಚಂದಾದಾರರಿಂದಲೇ. ಹಾಗಾಗಿ ಈ ಆಕ್ಷೇಪಣೆಯಿಂದ ನಾವು ಕಲಿಯಬೇಕಾದದ್ದು ಚಂದಾ ಪದ್ಧತಿಯನ್ನು ಬಿಡಬೇಕೆಂದಲ್ಲ, ಒಂದೇ ಪಟ್ಟಿಗೆ ಊರನ್ನು ಒಪ್ಪಿಸಬಾರದೆಂದು. ಧಾರವಾಡ ಜೀವಂತವಾಗಿದ್ದದ್ದು ಅಲ್ಲಿ ನಾಲ್ಕಾರು ಪಟ್ಟಿಗಳು, ನಾಲ್ಕಾರು ಪಂಗಡಗಳು ಒಂದರ ಮಾತಿಗೆ ಇನ್ನೊಂದು ಅಡ್ಡ ಮಾತಾಡುತ್ತ ಬಾಳಿದ್ದರಿಂದ. 2015ರ ಆಗಸ್ಟ್ 30ರಂದು ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದಾಗ ನಾಡು ಕಳೆದುಕೊಂಡದ್ದು ಒಬ್ಬ ವಿದ್ವಾಂಸರನ್ನಷ್ಟೇ ಅಲ್ಲ. ಭಿನ್ನ ಮಾತನ್ನು ಮಾತಿನಿಂದಲೇ ಎದುರಿಸುವ ಈ ಊರಿನ ಹಳೆಯ ನಡಾವಳಿಗೂ ಅಂದು ಏಟು ಬಿತ್ತು.

ಇನ್ನೊಂದು ವಾದವೂ ಇದೆ. ಧಾರವಾಡಕ್ಕೆ ಮರಾಠಿಯ ಒತ್ತಡವಿತ್ತು, ಏಕೀಕರಣದ ಕಿಚ್ಚಿತ್ತು, ಆಗ ಪುಸ್ತಕ ಕೊಳ್ಳುವುದೆಂದರೆ ಚಳವಳಿಯಲ್ಲಿ ಪಾಲ್ಗೊಂಡಂತೆ. ಈಗ ರಾಜ್ಯವೂ ಬಂದಿದೆ, ಆಡಳಿತ ಭಾಷೆಯೂ ಕನ್ನಡವಾಗಿದೆ, ಆ ಹುರುಪನ್ನು ಎಲ್ಲಿಂದ ತರುವುದು ಎನ್ನುತ್ತಾರೆ. ಆದರೆ ಮೇಲೆ ಹೇಳಿದ ಪುಸ್ತಕಗಳ ಇಸವಿಗಳನ್ನು ಇನ್ನೊಮ್ಮೆ ನೋಡಿ. ‘ಯಯಾತಿ’, ‘ಸಂಸ್ಕಾರ’, ‘ಹೊಕ್ಕುಳಲ್ಲಿ ಹೂವಿಲ್ಲ’ ಎಲ್ಲವೂ 1956ರ ಏಕೀಕರಣವಾದ ಮೇಲೆ ಬಂದವು. ಚಳವಳಿ ಮುಗಿದ ಮೇಲೂ ಚಂದಾದಾರರು ಉಳಿದರು. ಮರಾಠಿಯ ಒತ್ತಡವೇ ಇಲ್ಲದ ಜಾಗದಲ್ಲಿ ಇದೇ ಕೆಲಸ ನಡೆದ ಉದಾಹರಣೆಯೂ ನಮ್ಮ ಕಣ್ಣಮುಂದಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು, 1957ರಲ್ಲಿ ಕೆ.ವಿ. ಸುಬ್ಬಣ್ಣನವರು ಅಕ್ಷರ ಪ್ರಕಾಶನ ಆರಂಭಿಸಿದರು. ಅಡಕೆ ತೋಟದ ಆ ಹಳ್ಳಿಯಿಂದ ಜಗತ್ತಿನ ನಾಟಕಗಳು, ಸಿನಿಮಾ ಕುರಿತ ಬರಹಗಳು, ಹೊಸ ವಿಚಾರದ ಪುಸ್ತಕಗಳು ಕನ್ನಡಕ್ಕೆ ಬಂದವು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಕೂತು ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಈ ಊರುಗಳ ಹವೆ ಬೇರೆ, ಚರಿತ್ರೆ ಬೇರೆ, ಆಡುಮಾತೂ ಬೇರೆ. ಒಂದೇ ಆಗಿದ್ದದ್ದು ಇಷ್ಟು: ಪುಸ್ತಕವನ್ನು ಯಾರು ಓದುತ್ತಾರೆಂಬುದು ಪ್ರಕಾಶಕನಿಗೆ ಗೊತ್ತಿತ್ತು, ಪ್ರಕಾಶಕ ಯಾರೆಂಬುದು ಓದುಗನಿಗೆ ಗೊತ್ತಿತ್ತು.

ಇಂದಿನ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಕೊರತೆ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಕನ್ನಡದಲ್ಲಿ ಬರಹಗಾರರಿಗೆ ಬರವಿಲ್ಲ. ರಾಯಚೂರು, ಕೊಪ್ಪಳ, ಚಾಮರಾಜನಗರಗಳ ಹಳ್ಳಿಗಳಿಂದ ಬರುತ್ತಿರುವ ಹೊಸ ಕಥೆಗಾರರನ್ನು ಓದಿದಾಗ ಭಾಷೆ ಎಷ್ಟು ಸಮೃದ್ಧವಾಗಿದೆ ಎಂದು ಮನಸ್ಸು ಉಬ್ಬುತ್ತದೆ. ಅವರ ಪುಸ್ತಕ ಅಚ್ಚಾಗುವುದು ಬಹುಮಟ್ಟಿಗೆ ಬೆಂಗಳೂರಿನಲ್ಲಿ. ಅದರ ಲೆಕ್ಕಾಚಾರ ನಿಂತಿರುವುದು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ 300 ಪ್ರತಿಗಳ ಮೇಲೆ. ಈ ಯೋಜನೆಯನ್ನು ನಾನು ಹಳಿಯುವುದಿಲ್ಲ. 1965ರ ಗ್ರಂಥಾಲಯ ಕಾಯ್ದೆ ಮತ್ತು ಅದರಡಿ ವಸೂಲಾಗುವ ಗ್ರಂಥಾಲಯ ಕರ ಕನ್ನಡ ಪ್ರಕಾಶನದ ಬೆನ್ನೆಲುಬಾಗಿ ನಿಂತಿವೆ. ಅವಿಲ್ಲದಿದ್ದರೆ ಎಷ್ಟೋ ಒಳ್ಳೆಯ ಪುಸ್ತಕ ಬೆಳಕು ಕಾಣುತ್ತಿರಲಿಲ್ಲ. ಖರೀದಿ ತಡವಾದಾಗ, ಬಿಲ್ಲು ಬಾಕಿ ಉಳಿದಾಗ ಸಣ್ಣ ಪ್ರಕಾಶಕರು ಕಂಗಾಲಾಗುವುದನ್ನು ನೋಡಿದರೆ ಆ ಯೋಜನೆ ಎಷ್ಟು ಮುಖ್ಯವೆಂದು ತಿಳಿಯುತ್ತದೆ. ಆದರೆ ಇಲಾಖೆ ಪುಸ್ತಕ ಕೊಳ್ಳಬಲ್ಲದೇ ಹೊರತು ಓದಲಾರದು. ಓದಿ, ಇದು ಸೊಗಸಾಗಿದೆ, ಇದು ಜೊಳ್ಳು ಎಂದು ಒಂದು ಕಾರ್ಡು ಬರೆಯಲಾರದು. ಕೊಳ್ಳುವವರಿಂದ ಮಾತೇ ಬಾರದಿದ್ದಾಗ ಪ್ರಕಾಶಕನಿಗೆ ಒಳ್ಳೆಯ ಹಸ್ತಪ್ರತಿಗೂ ಪುಟ ತುಂಬಿಸಿದ ಹಸ್ತಪ್ರತಿಗೂ ವ್ಯತ್ಯಾಸ ಮಾಡುವ ಒತ್ತಾಯ ಉಳಿಯುವುದಿಲ್ಲ. ಕುರ್ತಕೋಟಿಯಂಥ ಓದುಗರಿಗೆ ಇವತ್ತಿನ ಪ್ರಕಾಶನದಲ್ಲಿ ಜಾಗ ಕಿರಿದಾಗಿದ್ದಕ್ಕೆ ಇದೇ ಕಾರಣವೆಂದು ನಾನು ತಿಳಿಯುತ್ತೇನೆ.

ಸಾಹಿತ್ಯ ಉತ್ಸವಗಳು ಈ ಜಾಗವನ್ನು ತುಂಬಿವೆಯಲ್ಲ ಎಂದು ಕೇಳಬಹುದು. ಗಿರಡ್ಡಿಯವರ ನೇತೃತ್ವದಲ್ಲಿ 2013ರಲ್ಲಿ ಆರಂಭವಾದ ಧಾರವಾಡ ಸಾಹಿತ್ಯ ಸಂಭ್ರಮ ಗಂಭೀರ ಗೋಷ್ಠಿಗಳನ್ನು ಕೇಳಲು ಜನ ಇನ್ನೂ ಬರುತ್ತಾರೆ ಎಂಬುದನ್ನು ತೋರಿಸಿಕೊಟ್ಟಿತು. 2019ರ ಜನವರಿಯಲ್ಲಿ ಅದೇ ಊರಿನಲ್ಲಿ, ಚಂದ್ರಶೇಖರ ಕಂಬಾರರ ಅಧ್ಯಕ್ಷತೆಯಲ್ಲಿ ನಡೆದ 84ನೆಯ ಸಾಹಿತ್ಯ ಸಮ್ಮೇಳನಕ್ಕೂ ಜನ ನೆರೆದರು, ಪುಸ್ತಕ ಮಳಿಗೆಗಳ ಮುಂದೆ ನೂಕುನುಗ್ಗಲಾಯಿತು. ಆ ಜನರನ್ನು ಕಂಡು ಸಂತೋಷಪಡದ ಪುಸ್ತಕಪ್ರೇಮಿ ಇಲ್ಲ. ನನ್ನ ಪ್ರಶ್ನೆ ಮೂರು ದಿನ ಮುಗಿದ ಮೇಲಿನದು. ಪುಸ್ತಕದ ಮೇಲೆ ಪ್ರೀತಿ ಇರುವ ಇಷ್ಟೊಂದು ಜನ ಊರಿಗೆ ಮರಳಿದಾಗ ಅವರ ಹೆಸರು, ವಿಳಾಸ, ರುಚಿ ಯಾವ ಪಟ್ಟಿಯಲ್ಲೂ ಉಳಿಯುವುದಿಲ್ಲ. ಜಿ.ಬಿ. ಜೋಶಿಯವರು ಅಲ್ಲಿದ್ದಿದ್ದರೆ ವಹಿ ಬಿಚ್ಚಿ ಹೆಸರು ಬರೆದುಕೊಳ್ಳುತ್ತಿದ್ದರು. ಸಮ್ಮೇಳನದ ಖರ್ಚಿನ ಒಂದು ಸಣ್ಣ ಪಾಲನ್ನು ಜಿಲ್ಲೆಗೊಂದು ಓದುಗರ ಪಟ್ಟಿ ಕಟ್ಟುವುದಕ್ಕೆ ತೆಗೆದಿಟ್ಟರೂ ಅದರ ಫಲ ಹಲವು ಸಮ್ಮೇಳನಗಳಾಚೆಗೂ ಉಳಿಯುತ್ತದೆ.

ಇನ್ನು ಜಾಲತಾಣಗಳ ಕಾಲದಲ್ಲಿ ಊರಿನ ಮಾತೇಕೆ, ಎಲ್ಲರೂ ಎಲ್ಲಿಂದಲಾದರೂ ಪುಸ್ತಕ ತರಿಸಿಕೊಳ್ಳಬಹುದಲ್ಲ ಎಂಬ ಮಾತು. ತರಿಸಿಕೊಳ್ಳಬಹುದು ನಿಜ, ಬೇಕಾದಷ್ಟೇ ಪ್ರತಿ ಅಚ್ಚುಹಾಕುವ ತಂತ್ರ ಬಂದಿದೆ, ಮೊಬೈಲಿನಲ್ಲಿ ಹಣ ಕಳಿಸುವುದು ಚಿಟಿಕೆಯ ಕೆಲಸವಾಗಿದೆ, ಅಮೆರಿಕದ ಕನ್ನಡಿಗರೂ ಇ-ಪುಸ್ತಕ ಓದುತ್ತಾರೆ. ಇವೆಲ್ಲ ಜೋಶಿಯವರಿಗೆ ಸಿಗದ ಸವಲತ್ತುಗಳು. ಆದರೆ ಗೊತ್ತಿರುವ ಪುಸ್ತಕವನ್ನು ತರಿಸಿಕೊಡುವುದರಲ್ಲಿ ಜಾಲ ಎಷ್ಟು ಚುರುಕೋ, ಗೊತ್ತಿಲ್ಲದ ಬರಹಗಾರನನ್ನು ಪರಿಚಯಿಸುವುದರಲ್ಲಿ ಅಷ್ಟೇ ಸೋಮಾರಿ. ಒಮ್ಮೆ ಕೊಂಡದ್ದರಂಥದ್ದನ್ನೇ ಮತ್ತೆ ತೋರಿಸುವುದು ಅದರ ಸ್ವಭಾವ. ಒಬ್ಬ ಪ್ರಕಾಶಕಿ, ಒಬ್ಬ ವಿಮರ್ಶಕ, ಒಂದು ಓದುಗರ ಬಳಗ ತಮ್ಮ ಹೆಸರನ್ನು ಪಣಕ್ಕಿಟ್ಟು, ಈ ಹೊಸಬರನ್ನು ಓದಿ, ಇಷ್ಟವಾಗದಿದ್ದರೆ ನಮ್ಮನ್ನು ಬೈಯಿರಿ ಎಂದು ಹೇಳುವುದಕ್ಕೆ ಬದಲಿಯಾಗಿ ಅದು ಬರಲಾರದು. ಬೈಯಲು ಎದುರಿಗೆ ಒಬ್ಬರು ಸಿಗಬೇಕಾದರೆ ಊರು ಬೇಕು. ಹೊಸ ತಂತ್ರವನ್ನು ಆ ಹಳೆಯ ಹೊಣೆಗೆ ದುಡಿಸಿಕೊಂಡರೆ ಗಳಗನಾಥರ ಹೆಗಲ ಹೊರೆಯಿಲ್ಲದೆಯೇ ಅವರು ತಲುಪಿದ ಮನೆಗಳನ್ನು ತಲುಪಬಹುದು.

ಮಾಡಬೇಕಾದದ್ದು ಕೈಗೆಟಕದಷ್ಟು ದೂರವೇನೂ ಇಲ್ಲ. ಗ್ರಾಮ ಪಂಚಾಯಿತಿಗಳ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಅವುಗಳ ಪುಸ್ತಕದ ಹಣದಲ್ಲಿ ಒಂದು ಪಾಲನ್ನಾದರೂ ಆಯಾ ಊರಿನ ಓದುಗರೇ ಕೂಡಿ ಆರಿಸಲು ಬಿಡಬೇಕು. ಆಗ ದಲಿತ ಕೇರಿಯ ಹುಡುಗಿಯೂ ಬೀಡಿ ಕಟ್ಟುವ ತಾಯಿಯೂ ಚಂದಾ ಕಟ್ಟದೆಯೇ ಪಟ್ಟಿಯೊಳಗೆ ಬರುತ್ತಾರೆ, ಹಳೆಯ ಧಾರವಾಡದ ಕೊರತೆಯೂ ಸ್ವಲ್ಪ ತುಂಬುತ್ತದೆ. ಸಗಟು ಖರೀದಿಯಲ್ಲಿ ಜಿಲ್ಲೆಗಳ ಸಣ್ಣ ಪ್ರಕಾಶಕರ ಮೊದಲ ಪುಸ್ತಕಗಳಿಗೆ ಬಿಲ್ಲು ಬೇಗ ಪಾವತಿಯಾಗಬೇಕು. ಉಳಿದದ್ದು ಓದುಗರ ಕೆಲಸ, ಅದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ. ರಾಜ್ಯದಲ್ಲಿ 31 ಜಿಲ್ಲೆಗಳಿವೆ. ಒಬ್ಬ ಪ್ರಕಾಶಕ ಜಿಲ್ಲೆಗೆ ಬರೀ 20 ಚಂದಾದಾರರನ್ನು ಕೂಡಿಸಿಕೊಂಡರೂ 620 ಜನರಾಗುತ್ತಾರೆ. ಇಲಾಖೆ ಕೊಳ್ಳುವ 300 ಪ್ರತಿಗಳ ಎರಡು ಪಟ್ಟಿಗೂ ಹೆಚ್ಚು, ಅದೂ ಓದುವ ಜನ. ತಾಲ್ಲೂಕು ಕೇಂದ್ರದ ಒಂದು ಕಾಲೇಜಿನ ಅಧ್ಯಾಪಕರು, ಒಂದು ಬ್ಯಾಂಕಿನ ನೌಕರರು, ಒಂದು ಪ್ರೌಢಶಾಲೆಯ ಕನ್ನಡ ಮೇಷ್ಟ್ರು, ಇಷ್ಟು ಜನ ಮನಸ್ಸು ಮಾಡಿದರೆ ತಮ್ಮ ಜಿಲ್ಲೆಯ ಇಪ್ಪತ್ತು ಹೆಸರು ಒಂದೇ ವಾರದಲ್ಲಿ ಕೂಡಿಬರುತ್ತವೆ. ಈಗ ಬೇಕಾಗಿರುವುದು ಇನ್ನೂ ಹೆಸರೇ ಕೇಳದ ಬರಹಗಾರನ ಇನ್ನೂ ಅಚ್ಚಾಗದ ಪುಸ್ತಕಕ್ಕೆ ಈ ವರ್ಷ ದುಡ್ಡು ಕಳಿಸಲು ಆ ಇಪ್ಪತ್ತು ಜನ ಒಪ್ಪುವುದು, ಮತ್ತು ಆ ದುಡ್ಡಿಗೆ ತಕ್ಕ ಪುಸ್ತಕವನ್ನು ಹೇಳಿದ ತಿಂಗಳಲ್ಲಿ ಕಳಿಸುವ ಒಬ್ಬ ಪ್ರಕಾಶಕ.